ನೀಲಕ್ಕನ ಬಾಗಿಲ ಚೀಲ

ನೀಲಕ್ಕ ದಿನಾ ಬೆಳಿಗ್ಗೆ ದೇವರಿಗೆ ಕೈ ಮುಗಿಯುವ ಮೊದಲು ಚೀಲ ಎತ್ತುತ್ತಿದ್ದಳು. ಬಾಗಿಲ ಹಿಂದಿನ ದಪ್ಪ ಮೊಳೆಗೆ ನೇತುಹಾಕಿದ ಖಾಕಿ ಚೀಲ ಅದು, ಶಾಲೆ ಮಕ್ಕಳದ್ದರ ಹಾಗೆ ಎರಡು ಹೆಗಲಪಟ್ಟಿಯದು. ಅದನ್ನು ಇಳಿಸಿ ಬೆನ್ನಿಗೇರಿಸಿಕೊಂಡು ಮೆಟ್ಟಿಲ ತನಕ ನಡೆದುಹೋಗಿ ಬರುವಳು, ಮತ್ತೆ ಮೊಳೆಗೆ ಹಾಕುವಳು, ಆಮೇಲೆ ಹಣೆಗೆ ವಿಭೂತಿ. ಅದೇ ಹೊತ್ತಿಗೆ ನಾನು ಡಬ್ಬಿ ಕಟ್ಟಿಕೊಂಡು, ಮುಂಬಯಿಯ ಲೋಕಲ್ ರೈಲು ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರದ ಆಫೀಸಿಗೆ ಹೋಗಲು ಓಡುತ್ತಿರುತ್ತಿದ್ದೆ. ಎದುರಾದಾಗಲೆಲ್ಲ ಅವಳದು ಒಂದೇ ಮಾತು.

"ಎತ್ತಾಕ ಬಂತು ತಂಗಿ. ಇವತ್ತಿನ ದಿನಾ ನಂದು."

ನನಗೆ ಆ ಹೊತ್ತಿನಲ್ಲಿ ಯಾವ ದಿನವೂ ನನ್ನದು ಅನ್ನಿಸುತ್ತಿರಲಿಲ್ಲ. "ನಿಮ್ಮದಾದ್ರೂ ಆಗ್ಲಿ ಮಾರಾಯ್ತಿ" ಎಂದು ಹೇಳಿ ಇಳಿದುಬಿಡುತ್ತಿದ್ದೆ.

ನಾವಿದ್ದದ್ದು ಡೊಂಬಿವಲಿಯ ಪಶ್ಚಿಮಕ್ಕೆ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಗಿನ ಒಂದು ಹಳೇ ಬಿಲ್ಡಿಂಗಿನಲ್ಲಿ, ಎರಡನೇ ಮಹಡಿ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಹಾನಗರಪಾಲಿಕೆಯವರು ಬಂದು ಕೆಳಗಿನ ಗೋಡೆಗೆ 'ಧೋಕಾದಾಯಕ' ಎಂಬ ನೋಟೀಸು ಅಂಟಿಸುವರು. ಕಟ್ಟಡ ಅಪಾಯದಲ್ಲಿದೆ, ಖಾಲಿ ಮಾಡಿ ಎಂದು ಅದರರ್ಥ. ಖಾಲಿ ಮಾಡಿ ಹೋಗುವುದೆಲ್ಲಿಗೆ? ಮಾಲೀಕ ಫೋನೆತ್ತುವುದಿಲ್ಲ, ಬಿಲ್ಡರು ಇವತ್ತು ನಾಳೆ ಎನ್ನುತ್ತಾನೆ, ಬೇರೆ ಕಡೆಯ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಮೊದಲ ಮಳೆಗೆ ನೋಟೀಸು ನೆನೆದು ಜೋತುಬೀಳುವುದು. ದೀಪಾವಳಿಗೆ ಯಾರೋ ಅದರ ಮೇಲೆ ಸುಣ್ಣ ಬಳಿಯುವರು. ಹೆದರಿ ಹೆದರಿ ನಮಗೆಲ್ಲ ಹೆದರಿಕೆಯೇ ಸವೆದುಹೋಗಿತ್ತು. ನೀಲಕ್ಕನಿಗೆ ಮಾತ್ರ ಸವೆದಿರಲಿಲ್ಲ.

ಅವಳು ವಿಜಯಪುರದ ಕಡೆಯವಳು. ಗಂಡನ ಜೊತೆ ಗಾರೆಯ ಗೌಂಡಿ ಕೆಲಸಕ್ಕೆಂದು ಬಂದವಳು ಮೊದಲು ಮುಂಬ್ರಾದಲ್ಲಿ, ಖಾಡಿಯ ದಂಡೆಯ ಒಂದು ಶೀಟಿನ ಖೋಲಿಯಲ್ಲಿದ್ದಳಂತೆ. ಒಂದು ಮಳೆಗಾಲ ನೀರು ಒಳಗೆ ನುಗ್ಗಿ, ಗಂಡ ಹೆಂಡತಿ ಮಂಚದ ಮೇಲೆ ಡಬ್ಬಿ ಪೇರಿಸಿ, ಡಬ್ಬಿಯ ಮೇಲೆ ನಿಂತು ಜೀವ ಉಳಿಸಿಕೊಂಡರು. ಮುಂದೆ ಗಂಡ ತೀರಿಕೊಂಡ. ನಮ್ಮ ಬಿಲ್ಡಿಂಗಿನ ಕೊನೆಯ ಖೋಲಿಗೆ ಬಂದು ಜೋಳದ ರೊಟ್ಟಿ ಬಡಿದು ಮಾರತೊಡಗಿದಳು. ಕಲ್ಯಾಣದ ಖಾನಾವಳಿಗಳಿಗೆ, ನಮ್ಮಂಥ ಮನೆಗಳಿಗೆ ಅವಳ ಖಡಕ್ ರೊಟ್ಟಿಯೇ ಬೇಕು. ಆ ಪ್ರವಾಹದ ಕಥೆಯನ್ನು ನೂರು ಸಲ ಹೇಳಿದ್ದಾಳೆ, ಕೊನೆಗೆ ಬರುವ ಮಾತು ಮಾತ್ರ ಯಾವಾಗಲೂ ಇದೇ:

"ನೀರು ಬಂದಾಗ ಯಾರೂ ಬಂಗಾರ ಬೇಡಲಿಲ್ಲ ತಂಗಿ. ಎಲ್ಲಾರೂ ಬೇಡಿದ್ದು ಒಣಾ ಅರಿವಿ. ಮೈಮ್ಯಾಲ ಒಣಾ ಅರಿವಿ ಇದ್ರ ಮನಶ್ಯಾ ಅರ್ಧ ಗೆದ್ದಂಗ."

ಹಾಗಾಗಿ ಒಣ ಬಟ್ಟೆಯೆಂದು ಅವಳ ಚೀಲದ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಇಲಕಲ್ ಸೀರೆ. ಅದರ ಮೇಲೆ ಬ್ಯಾಟರಿ, ಕಡ್ಡಿಪೆಟ್ಟಿಗೆ, ನೀರಿನ ಬಾಟಲಿ, ಗುಳಿಗೆ, ಶೇಂಗಾ ಹಿಂಡಿಯ ಡಬ್ಬಿ. ಎಲ್ಲಕ್ಕಿಂತ ಮೇಲೆ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ. ತಿಂಗಳುಗಟ್ಟಲೆ ಕೆಡದ ರೊಟ್ಟಿಯಾದರೂ ಅಮಾವಾಸ್ಯೆಗೊಮ್ಮೆ ಹಳೆಯದು ತೆಗೆದು ಹೊಸದು ಇಡುವಳು. ತೆಗೆದದ್ದನ್ನು ಚೆಲ್ಲುವ ಜಾತಿಯಲ್ಲ, ನಮಗೆ ಹಂಚುವಳು. ಸೀರೆಗೆ ಹುಳ ಹಿಡಿಯದಿರಲಿ ಎಂದು ಅದೇ ಚೀಲದಲ್ಲಿ ಡಾಂಬರು ಗುಳಿಗೆ ಬೇರೆ ಹಾಕಿರುತ್ತಿದ್ದಳು! ಅಮಾವಾಸ್ಯೆ ಬಂತೆಂದರೆ ನಮ್ಮ ಇಡೀ ಮಹಡಿ ಕಪಾಟಿನ ವಾಸನೆಯ ರೊಟ್ಟಿ ಮುರಿಯುತ್ತಿತ್ತು. ನನ್ನ ಮಗಳು ಮೂಗು ಮುಚ್ಚಿಕೊಂಡು "ಮಮ್ಮಿ, ಯೇ ರೋಟಿ ನಹೀ, ಅಲಮಾರಿ ಹೈ" ಎನ್ನುವಳು, ಇದು ರೊಟ್ಟಿಯಲ್ಲ ಕಪಾಟು ಎಂದು. ಹೇಳಿದರೆ ನೀಲಕ್ಕ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ನಾರಿದ್ರೂ ರೊಟ್ಟೀನ ಅಲ್ಲೇನು? ಹಸದಾಗ ನೋಡ ಅದರ ರುಚಿ" ಎಂದು ನಗುವಳು.

ಒಂದು ಭಾನುವಾರ ಮಧ್ಯಾಹ್ನ ಕಟ್ಟಡದ ತುಂಬ ಕೆಟ್ಟ ವಾಸನೆ. ನಮ್ಮ ಊರಿನಲ್ಲಿ ಕಾರ್ಖಾನೆಯ ವಾಸನೆ ಹೊಸದೇನಲ್ಲ, ಗಾಳಿ ಬೀಸಿದಂತೆ ಬಂದು ಹೋಗುತ್ತಿರುತ್ತದೆ. ಆದರೆ ಇದು ಕಣ್ಣು ಉರಿಸುತ್ತಿತ್ತು. ನೀಲಕ್ಕ ಬೆನ್ನಿಗೆ ಚೀಲ ಏರಿಸಿ, ಹಿಟ್ಟು ನಾದುವ ಸ್ಟೀಲಿನ ಪರಾತಕ್ಕೆ ಲಟ್ಟಣಿಗೆಯಿಂದ ಬಡಿಯುತ್ತ ಬಾಗಿಲು ಬಾಗಿಲಿಗೂ ಓಡಿದಳು. "ಇಳೀರಿ, ಇಳೀರಿ! ಗ್ಯಾಸ ಬಂದೈತಿ!" ಅರ್ಧ ಗಡ್ಡ ಕೆರೆದ ನನ್ನ ಗಂಡ, ಕೈಯಲ್ಲಿ ಸಟ್ಟುಗ ಹಿಡಿದ ನಾನು, ಪಕ್ಕದ ಮನೆಯ ಮರಾಠಿ ಹೆಂಗಸು ಜೋಶಿ ಕಾಕು, ಎಲ್ಲರೂ ಧಡಧಡ ಇಳಿದೆವು. ಅಂಗಳದಲ್ಲಿ ಬಿಸಿಲು ಕಾಯುತ್ತ ನಿಂತ ಮೇಲೆ ತಿಳಿಯಿತು, ಮೂರನೇ ಮಹಡಿಯವರು ತಿಗಣೆಗೆ ಔಷಧಿ ಹೊಡೆಸಿದ್ದರು. ಜನ ಬಿದ್ದು ಬಿದ್ದು ನಕ್ಕರು. ಕೆಲವರು ಬೈದರು. ನೀಲಕ್ಕ ಪರಾತ ಕಂಕುಳಲ್ಲಿಟ್ಟುಕೊಂಡು, "ತಿಗಣಿ ಸತ್ತು, ನಾವ ಉಳದ್ವಿ. ಚಲೋನ ಆತಲ್ಲ" ಎಂದಳು.

ಆದರೆ ಆ ಗದ್ದಲದಲ್ಲಿ ಒಂದು ಸಂಗತಿ ಎಲ್ಲರ ಕಣ್ಣಿಗೆ ಬಿದ್ದಿತ್ತು. ಇಳಿದು ಬಂದ ಜೋಶಿ ಕಾಕುವಿಗೆ ದಮ್ಮು ಕಟ್ಟಿತ್ತು, ಉಸಿರೆಳೆದುಕೊಳ್ಳುವ ಪಂಪು ಮೇಲೇ ಉಳಿದುಹೋಗಿತ್ತು. ನೀಲಕ್ಕ ಚೀಲ ಬಿಚ್ಚಿ ನೀರು ಕುಡಿಸಿ, ಬೆನ್ನು ಸವರುತ್ತ ಕೂತಳು. ನನ್ನ ಗಂಡ ಓಡಿಹೋಗಿ ಪಂಪು ತಂದರು. ಮಾರನೇ ದಿನವೇ ಕಾಕು ಹೊಸದೊಂದು ಪಂಪು ಕೊಂಡುತಂದು ನೀಲಕ್ಕನ ಬಾಗಿಲಲ್ಲಿ ನಿಂತಿದ್ದರು. "ನೀಲಾಬಾಯಿ, ಹಾ ತುಮಚ್ಯಾ ಪಿಶವೀತ್ ಠೇವಾ." ನಿಮ್ಮ ಚೀಲದಲ್ಲೇ ಇರಲಿ ಎಂದು.

ಅಲ್ಲಿಂದ ಶುರುವಾಯಿತು. ಒಬ್ಬರು ಕನ್ನಡಕದ ಇನ್ನೊಂದು ಜೊತೆ ತಂದರು, ಒಬ್ಬರು ಕಿವಿಯ ಮಿಷನ್ನಿನ ಸೆಲ್ಲು, ಇನ್ನೊಬ್ಬರು ಕೂಸಿನ ಹಾಲಿನ ಪುಡಿ. ನಾವು ನಮ್ಮ ಮದುವೆಯ ಫೋಟೋಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟೆವು. ನಮ್ಮ ಮನೆಯಲ್ಲೂ ಒಂದು ಚೀಲ ಕಟ್ಟಿಟ್ಟರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ದಿನಾ ಗಾಡಿಗೆ ನೇತುಬಿದ್ದು ಮನೆಗೆ ಬಂದವರಿಗೆ ಅನ್ನ ಬಸಿಯುವುದೇ ದೊಡ್ಡದು, ಅದಕ್ಕೂ ಮೇಲೆ ಪ್ರಳಯಕ್ಕೆ ಯಾರು ತಯಾರಿ ಮಾಡುತ್ತಾರೆ? ನೀಲಕ್ಕ ಇದ್ದಾಳಲ್ಲ. ಅವಳ ಬಾಯಲ್ಲಿ 'ಇಲ್ಲ' ಎನ್ನುವ ಮಾತು ಹುಟ್ಟಿರಲೇ ಇಲ್ಲ. "ತಾ ಇಲ್ಲೆ, ಒತ್ತಿ ತುರುಕಿದ್ರ ಆಗ್ತದ" ಎನ್ನುವಳು.

ಬರಬರುತ್ತ ಬೆಳಗಿನ ಎತ್ತುವಿಕೆ ನಿಧಾನವಾಯಿತು. ಮೊದಲು ಗೋಡೆ ಹಿಡಿಯತೊಡಗಿದಳು. ಆಮೇಲೆ ಮೆಟ್ಟಿಲ ತನಕ ಹೋಗದೆ ನಮ್ಮ ಬಾಗಿಲಿನಿಂದಲೇ ಹಿಂದಿರುಗತೊಡಗಿದಳು. "ಭಾರ ಆಯ್ತಲ್ಲ ನೀಲಕ್ಕ" ಎಂದರೆ, "ಮಂದಿದು ಐತಲ್ಲ ತಂಗಿ, ಅದಕ್ಕ ಭಾರ" ಎನ್ನುವಳು. ಇವತ್ತಿನ ದಿನ ನನ್ನದು ಎನ್ನುವ ಮಾತು ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ.

ಹೋದ ಮಳೆಗಾಲ ಬಿಡದೆ ಮಳೆ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ನಮ್ಮ ಮೆಟ್ಟಿಲ ಸ್ಲ್ಯಾಬಿನ ಒಂದು ಭಾಗ ಧಡಾರನೆ ಕುಸಿಯಿತು. ದೇವರ ದಯೆ, ಅದರ ಕೆಳಗೆ ಯಾರೂ ಇರಲಿಲ್ಲ. ಅಗ್ನಿಶಾಮಕದವರು ಬಂದು, ಉಟ್ಟ ಬಟ್ಟೆಯಲ್ಲೇ ಇಳಿಯಿರಿ, ಏನೂ ತರಬೇಡಿ ಎಂದು ಕೂಗಿದರು. ಉಳಿದ ಅರ್ಧ ಮೆಟ್ಟಿಲಲ್ಲಿ ಗೋಡೆಗೆ ಅಂಟಿಕೊಂಡು ಒಬ್ಬೊಬ್ಬರೇ ಇಳಿಯಬೇಕು. ನೀಲಕ್ಕ ಚೀಲ ಹೊತ್ತು ಬಂದಳು. ಭಾರಕ್ಕೆ ಬಗ್ಗಿ, ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದಳು. ಅಗ್ನಿಶಾಮಕದವನೊಬ್ಬ "ಮಾವಶಿ, ಬ್ಯಾಗ್ ಸೋಡಾ!" ಎಂದು ಗದರಿಸಿದ, ಚೀಲ ಬಿಡು ಎಂದು. ಅವಳು ಅವನಿಗೆ ಕನ್ನಡದಲ್ಲೇ ಗದರಿಸಿದಳು.

"ನಂದಾಗಿದ್ರ ಬಿಡತಿದ್ದೆ. ನಂದಲ್ಲಪಾ ಇದು, ಹೆಂಗ ಬಿಡ್ಲಿ?"

ಕೊನೆಗೆ ನನ್ನ ಗಂಡ ಹಿಂದಿನಿಂದ ಚೀಲದ ತಳ ಎತ್ತಿ ಹಿಡಿದು, ಇಬ್ಬರೂ ಕೂಡಿ ಇಳಿದರು.

ಹತ್ತಿರದ ಶಾಲೆಯ ದೊಡ್ಡ ಕೋಣೆಯಲ್ಲಿ ನಮ್ಮನ್ನು ಕೂರಿಸಿದರು. ನೀಲಕ್ಕ ದಾರಿಯುದ್ದಕ್ಕೂ ತನ್ನ ಸೆರಗನ್ನು ಚೀಲಕ್ಕೆ ಹೊದೆಸಿಕೊಂಡು ಬಂದಿದ್ದಳು. ಕೂತವಳೇ ಚೀಲ ಬಿಚ್ಚಿದಳು. ಕಾಕುವಿಗೆ ಪಂಪು, ಕೂಸಿಗೆ ಹಾಲಿನ ಪುಡಿ, ನಮಗೆ ಫೋಟೋ. ಎಲ್ಲ ಒಣಗಿಯೇ ಇತ್ತು, ಒಂದು ಹನಿ ತಾಗಿರಲಿಲ್ಲ. ರೊಟ್ಟಿ ಮುರಿದು ಹಿಂಡಿ ಹಾಕಿ ಎಲ್ಲರಿಗೂ ಕೊಟ್ಟಳು. ಡಾಂಬರು ಗುಳಿಗೆಯ ವಾಸನೆ ಅವತ್ತು ಯಾರಿಗೂ ಬರಲಿಲ್ಲ. ನನ್ನ ಮಗಳು ಇನ್ನೊಂದು ಕೇಳಿ ಇಸಿದುಕೊಂಡಳು.

ಸಂಜೆ ಹೊತ್ತಿಗೆ ನೀಲಕ್ಕ ಮೂಲೆಯಲ್ಲಿ ನಡುಗುತ್ತ ಕೂತದ್ದು ಕಂಡಿತು. ತೊಯ್ದ ಸೀರೆ ಇನ್ನೂ ಒಣಗದೆ ಮೈಗೆ ಅಂಟಿತ್ತು.

"ಎಂತ ನೀಲಕ್ಕ, ಹೀಗೇ ಕೂತಿದ್ದೀರಿ? ಒಣ ಸೀರೆ ಉಟ್ಟುಕೊಳ್ಳಿ, ಏಳಿ" ಎಂದು ನಾನೇ ಚೀಲಕ್ಕೆ ಕೈ ಹಾಕಿದೆ. ತಳ ತಡಕಿದೆ. ಚೀಲ ಬೋರಲು ಹಾಕಿ ಕೊಡವಿದೆ. ಒಂದು ಬಿಳಿ ಗುಳಿಗೆ ಉರುಳಿಕೊಂಡು ಹೋಯಿತು.

"ಸೀರೆ ಎಲ್ಲಿ?"

"ಜಾಗಾ ಸಾಲಲಿಲ್ಲ ತಂಗಿ. ತಗದು ಮನ್ಯಾಗ ಇಟ್ಟೆ."

"ಯಾವಾಗ? ಯಾರದ್ದು ಇಡ್ಲಿಕ್ಕೆ?"

ಅವಳು ಹೇಳಲಿಲ್ಲ. ಎಷ್ಟು ಕೇಳಿದರೂ ಹೇಳಲಿಲ್ಲ. ಸುತ್ತ ಕೂತಿದ್ದ ನಾವೆಲ್ಲ ನಮ್ಮ ನಮ್ಮ ಕೈಯಲ್ಲಿದ್ದದ್ದನ್ನು ನೋಡಿಕೊಂಡೆವು. ಜೋಶಿ ಕಾಕು ಪಂಪನ್ನು ಸೆರಗಿನೊಳಗೆ ಇಟ್ಟುಕೊಂಡರು. ಎಲ್ಲರೂ ತೊಯ್ದವರೇ, ಕೊಡಲು ಯಾರ ಹತ್ತಿರವೂ ಒಣ ಬಟ್ಟೆ ಇರಲಿಲ್ಲ. ಯಾರೋ ಪುಣ್ಯಾತ್ಮರು ಹಳೆ ಬಟ್ಟೆಯ ಗಂಟು ತಂದು ಹಾಕುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು, ನೀಲಕ್ಕನಿಗೆ ಜ್ವರ ಏರಿತ್ತು.

ಮರುದಿನ ಅವಳ ತಲೆಗೆ ಎಣ್ಣೆ ತಟ್ಟುತ್ತಿದ್ದಾಗ ಮೆಲ್ಲಗೆ ಹೇಳಿದಳು. ಸಿಟ್ಟಿನಿಂದಲ್ಲ, ಸಿಟ್ಟು ಮಾಡುವಷ್ಟು ತ್ರಾಣ ಇರಲಿಲ್ಲ. "ಹೆದರೂದೂ ಒಂದು ಕೆಲಸಾನ ನೋಡ ತಂಗಿ. ರೊಟ್ಟಿ ಬಡದಂಗ, ನೀರ ಹೊತ್ತಂಗ. ನೀವೆಲ್ಲಾರೂ ನಿಮ್ಮ ನಿಮ್ಮ ಪಾಲಿಂದು ನನ್ನ ಮ್ಯಾಲ ಹಾಕಿ ಮಕ್ಕೊಂಡ್ರಿ. ನನಗ ನಿದ್ದಿ ಬರಲಿಲ್ಲ." ನಾನು ಎಣ್ಣೆ ತಟ್ಟುತ್ತಲೇ ಇದ್ದೆ.

ಬಿಲ್ಡಿಂಗಿಗೆ ಬೀಗ ಬಿತ್ತು, ಆಮೇಲೆ ಕೆಡವಿದರು. ಜನ ದಿಕ್ಕಾಪಾಲಾದರು. ನಾವು ನವಿ ಮುಂಬಯಿಯ ಘಣಸೋಲಿಯಲ್ಲಿ ಬಾಡಿಗೆ ಹಿಡಿದೆವು. ನೀಲಕ್ಕನನ್ನು ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ಅವಳ ತಂಗಿಯ ಮಗ ಬಸು ಕರೆದುಕೊಂಡು ಹೋದ. ಜ್ವರ ಹೋಯಿತು, ಕೆಮ್ಮು ಹೋಗಲಿಲ್ಲ. ಒಲೆಯ ಮುಂದೆ ಕೂರಲಾಗದೆ ರೊಟ್ಟಿ ನಿಂತಿತು.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಭಾನುವಾರ ಅವಳನ್ನು ನೋಡಲು ಹೋದೆ. ಶಾಲೆಯಲ್ಲೇ ಉಳಿದಿದ್ದ ಆ ಖಾಕಿ ಚೀಲವನ್ನು ನಾನು ತಂದು ಒಗೆದಿಟ್ಟಿದ್ದೆ. ಅದರಲ್ಲಿ ಹಸಿರು ಇಲಕಲ್ ಸೀರೆಯೊಂದನ್ನು ಹೊಸದಾಗಿ ಕೊಂಡು ಇಟ್ಟೆ. ಬ್ಯಾಟರಿ, ಗುಳಿಗೆ, ನೀರು, ಎಲ್ಲ ಅವಳ ಕ್ರಮದಲ್ಲೇ ಜೋಡಿಸಿದೆ. ರೊಟ್ಟಿ ಮಾತ್ರ ಅಂಗಡಿಯದು.

ಬಸುವಿನ ಖೋಲಿಯಲ್ಲಿ ಬಾಗಿಲ ಹಿಂದೆ ಮೊಳೆ ಇರಲಿಲ್ಲ. ನೀಲಕ್ಕ ಗೋಡೆಗೊರಗಿ ಕೂತಿದ್ದಳು, ಅರ್ಧ ಆಗಿದ್ದಳು. ಚೀಲ ನೋಡಿ ನಕ್ಕಳು. ಒಂದೊಂದೇ ತೆಗೆದು ನೋಡಿದಳು, ರೊಟ್ಟಿ ಮುರಿದು ಬಾಯಿಗಿಟ್ಟು "ಥೂ, ಇದೇನ ಕಾಗದಾ?" ಎಂದಳು. ಸೀರೆಯನ್ನು ಮಾತ್ರ ಬಹಳ ಹೊತ್ತು ತೊಡೆಯ ಮೇಲಿಟ್ಟುಕೊಂಡು ಸವರಿದಳು. ಉಟ್ಟುಕೊಳ್ಳಿ ಎಂದೆ. ಉಡಲಿಲ್ಲ. ಮಡಿಚಿ ಚೀಲದ ತಳಕ್ಕೆ ಇಟ್ಟು, ಉಳಿದದ್ದನ್ನು ಮೇಲೆ ಜೋಡಿಸಿ, ಚೀಲವನ್ನು ನನ್ನ ಕಡೆಗೇ ನೂಕಿದಳು.

"ನನಗ ಸಾಕಾತು ತಂಗಿ. ನಾ ಹೆದರೂದು ಬಿಟ್ಟೇನಿ. ಇನ್ನ ನಿನ್ನ ಪಾಳಿ."

"ನಂಗೆ ಬೇಡ ನೀಲಕ್ಕ. ನಿಮಗೆ ಅಂತ ತಂದದ್ದು."

"ಒಯ್ಯಿ. ಖರೇ, ತಳದಾಗಿಂದು ತಗೀಬ್ಯಾಡ. ಯಾರ ಬಂದು ಕೇಳಿದ್ರೂ ತಗೀಬ್ಯಾಡ." ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ನನಗ ಇಲ್ಲ ಅನ್ನಾಕ ಬರಲಿಲ್ಲ. ನೀ ಅನ್ನು" ಎಂದಳು.

ಚೀಲ ಹೊತ್ತುಕೊಂಡು ಕಲ್ಯಾಣದಿಂದ ಗಾಡಿ ಹತ್ತಿದೆ. ಅದೇ ಕೊನೆ. ಚಳಿ ಶುರುವಾದಾಗ ಬಸು ಆಫೀಸಿಗೆ ಫೋನು ಮಾಡಿದ, ಆಗಲೇ ಅವಳನ್ನು ಊರಿಗೆ ಒಯ್ದು ಮಣ್ಣು ಮಾಡಿ ಬಂದಿದ್ದರು. ನಾನು ಬಾತ್‌ರೂಮಿಗೆ ಹೋಗಿ ನಳ ಬಿಟ್ಟು ಅತ್ತೆ. ಜೋಶಿ ಕಾಕುವಿಗೆ ಫೋನು ಮಾಡಿ ಹೇಳಿದೆ, ಅವರೂ ಆ ಕಡೆ ಅತ್ತರು. ಬೇರೆ ಏನು ಮಾಡಲೂ ಉಳಿದಿರಲಿಲ್ಲ.

ಈಗ ಚೀಲ ನಮ್ಮ ಬಾಗಿಲ ಹಿಂದಿದೆ. ಬೆಳಿಗ್ಗೆ ಎಷ್ಟೇ ಸುಸ್ತಿರಲಿ, ಒಮ್ಮೆ ಎತ್ತಿ ಇಡುತ್ತೇನೆ. ಮೊನ್ನೆ ಮೋಡ ಕಟ್ಟಿದ ಒಂದು ಸಂಜೆ ಎದುರು ಮನೆಯ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದವಳು, ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದನ್ನು ಎದೆಗವಚಿಕೊಂಡು ಬಂದು ನಿಂತಳು. ಆಂಟಿ, ನಿಮ್ಮ ಹತ್ತಿರ ಪ್ರವಾಹದ ಚೀಲ ಇದೆಯಂತಲ್ಲ, ಇದನ್ನೂ ಅದರಲ್ಲಿ ಇಡುತ್ತೀರಾ ಎಂದು ಹಿಂದಿಯಲ್ಲಿ ಕೇಳಿದಳು. ಕೈ ತಾನಾಗಿ ಮುಂದೆ ಹೋಯಿತು. ಒತ್ತಿ ತುರುಕಿದರೆ ಆಗುತ್ತಿತ್ತು.

"ನಹೀ ಬೇಟಾ" ಎಂದೆ.

ಅವಳ ಮುಖ ಸಣ್ಣಗಾಯಿತು. ನಾನು ಅವಳ ತೋಳು ಹಿಡಿದು ಅವಳ ಮನೆಗೇ ನಡೆಸಿಕೊಂಡು ಹೋದೆ. ಒಂದು ಗಟ್ಟಿ ಚೀಲ ತೆಗಿ ಎಂದೆ. ತೆಗೆದಳು. ಡಬ್ಬಿಯನ್ನು ಒಳಗಿಡಲು ಹೋದಳು, ತಡೆದೆ.

"ರುಕೋ. ಪೆಹಲೇ ಏಕ್ ಸೂಖೀ ಸಾಡಿ. ಖುದ್ ಕೀ." ಮೊದಲು ಒಂದು ಒಣ ಸೀರೆ, ನಿನ್ನದೇ, ಎಂದು.