ನೆಗೆಣ್ಣಿಯ ಬೆಂಕಿ ಸರ್ಪ

ರಾಂಪುರದ ನಮ್ಮ ಮನೆಯಲ್ಲಿ ಬೆಂಕಿ ಸರ್ಪದ ಮಾತನ್ನು ಮೊದಲು ತೆಗೆದವಳು ನಾನು. ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಹತ್ತಿ ಬಿಡಿಸುವಾಗ, ಎದುರು ಗುಡ್ಡದಲ್ಲಿ ರೆಕ್ಕೆಯ ಸರ್ಪವೊಂದಿದೆ, ಉಸಿರು ಬಿಟ್ಟರೆ ಬೆಂಕಿ, ದಿನಕ್ಕೊಂದು ಕುರಿ ನುಂಗುತ್ತದೆ ಎಂದು ಕಟ್ಟಿ ಹೇಳುತ್ತಿದ್ದೆ. ಅತ್ತೆಯೂ ಅಕ್ಕಪಕ್ಕದ ಹೆಂಗಸರೂ ಕೈ ನಿಲ್ಲಿಸಿ ಕೇಳುತ್ತಿದ್ದರು.

ಆ ವರ್ಷ ಮೈದುನನ ಮದುವೆಯಾಗಿ ನೆಗೆಣ್ಣಿ ಬಂದಳು. ನಮ್ಮ ಮಹಾರಾಜರ ಗಡಿಯಾಚೆ, ಬ್ರಿಟಿಷರ ಸೀಮೆಯಲ್ಲಿ ತೆಲುಗು ಮಾತಾಡುವ ಊರಿನವಳು. ಒಂದು ದಿನ ನನ್ನ ಕಥೆ ಕೇಳಿ, ಹತ್ತಿಯಿಂದ ತಲೆ ಎತ್ತದೆ ಅಂದಳು:

"ದಿನಾ ಒಂದು ಕುರಿ ತಿಂದ್ರೆ ಕುರಿ ಎಲ್ಲಿ ಉಳೀತಾವಕ್ಕ? ಅದು ವರ್ಷಕ್ಕೆ ಒಂದೇ ಸಲ ತಿಂತೈತೆ. ಆಮೇಲೆ ಸುಣ್ಣದ ಕಲ್ಲು ನೆಕ್ಕುತ್ತಾ ಬಿದ್ದಿರ್ತೈತೆ. ಮೊಟ್ಟೆ ಸಿಪ್ಪೆ ಗಟ್ಟಿ ಆಗ್ಬೇಕಲ್ಲ."

"ಹಂಗಾದ್ರೆ ಬೆಂಕಿ ಯಾಕಮ್ಮ?" ಅತ್ತೆ ಕೇಳಿದರು.

"ಕಾವು ಕೊಡಾಕೆ ಅತ್ತೆ. ಹಾವಿನ ಮೈ ತಣ್ಣಗಿರ್ತೈತೆ, ಕೋಳಿ ಹಂಗೆ ಕೂತ್ರೆ ಮರಿ ಆಗಲ್ಲ. ಬಂಡೆ ಕಾಯಿಸಿ ಅದರ ಮೇಲೆ ಮೊಟ್ಟೆ ಇಡ್ತೈತೆ. ಗುಡ್ಡದಾಗೆ ಬಂಡೆ ಸೀಳಿರೋದು ಅದಕ್ಕೇ."

ಎಲ್ಲರೂ ತಿರುಗಿ ಗುಡ್ಡ ನೋಡಿದರು. ನಾನೂ ನೋಡಿದೆ. ಅವಳ ಮಾತು ನಂಬಿ ನಾನೂ ತಿರುಗಿದೆನಲ್ಲ, ನನಗೆ ತಡೆಯಲಾಗದ್ದು ಅದೇ.

ಅಂದಿನಿಂದ ನಾನು ಬಾಯಿ ತೆರೆದರೆ ಅತ್ತೆ, "ತಡಿ, ಸಣ್ಣೋಳು ಬರ್ಲಿ" ಅನ್ನುತ್ತಿದ್ದರು. ರಾಗಿ ಬೀಸುವಾಗಲೂ ನೀರು ಸೇದುವಾಗಲೂ ಅವಳ ಮಾತಿನಲ್ಲಿ ತಪ್ಪು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಅವಳು ಬಸುರಿಯಾದಳು. ನನಗೆ ಮದುವೆಯಾಗಿ ಏಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಸರ್ಪದ ಮರಿಯ ಎಳೇ ರೆಕ್ಕೆ ಹೇಗಿರುತ್ತದೆಂದು ಹೇಳುತ್ತಿದ್ದಳು.

"ಮರಿ ಎಲ್ಲಿ ಉಳೀತೈತೆ?" ಎಂದೆ. "ಮೊಟ್ಟೆ ಒಡೆದ ಕೂಡ್ಲೆ ತಾಯೇ ತಿಂದುಬಿಡ್ತೈತೆ."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದು ಒಳಗೆ ಹೋದಳು. ಅತ್ತೆ ಬೈಯಲಿಲ್ಲ. "ಸರಿ, ಇನ್ನ ನೀನೇ ಹೇಳು" ಅಂದರು. ನನಗೆ ಒಂದು ಮಾತೂ ಹೊಳೆಯಲಿಲ್ಲ.

ಎಂಟು ದಿನ ಅವಳು ಪಡಸಾಲೆಗೆ ಬರಲಿಲ್ಲ. ಕೊನೆಗೆ ನಾನೇ ಹಿತ್ತಲಿಗೆ ಹೋದೆ. ಅವಳು ಸಜ್ಜೆ ಕೇರುತ್ತಿದ್ದಳು.

"ಅವತ್ತು ನಾನಂದಿದ್ದು ಸುಳ್ಳು ಕಣೆ."

"ಗೊತ್ತಕ್ಕ. ತಾಯಿ ಮರೀನ ಬಾಯಾಗೇ ಇಟ್ಕಂಡು ಸಾಕ್ತೈತೆ. ರೆಕ್ಕೆ ಬಲಿಯೋ ತನಕ ಬೆಂಕಿ ಉಗುಳದಂಗೆ ಉಸಿರು ಬಿಗಿಹಿಡ್ಕಂಡಿರ್ತೈತೆ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನಿನ್ ಮುಖ ನೋಡಿ ಹೆದರಿಕೆ ಆಯ್ತು."

ನಾಚಿಕೆಯಾಯಿತು. ಆದರೆ ಇಷ್ಟು ಚೆಂದದ ಮಾತು ನನಗೇಕೆ ಹೊಳೆಯಲಿಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು.

ಮರುದಿನ ಅವಳು ಮತ್ತೆ ಹತ್ತಿ ಬಿಡಿಸಲು ಬಂದು ಕೂತಳು. ಯಾರೋ ಮರಿಯ ಕಥೆ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ: ತಾಯಿಯ ಬಾಯಿ, ಬಿಗಿಹಿಡಿದ ಉಸಿರು, ಎಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇದು ಚೆನ್ನಾಗೈತೆ ನೋಡು" ಅಂದರು. ನೆಗೆಣ್ಣಿ ನನ್ನ ಕಡೆ ಒಮ್ಮೆ ನೋಡಿ ಹತ್ತಿ ಬಿಡಿಸುತ್ತಾ ಕೂತಳು. ಅದು ಅವಳದೆಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.