ಮಲಪ್ರಭೆಗೆ ಬಿಟ್ಟ ಶಬ್ದಗಳು

ತಂಗಿ ತನ್ನ ಒಂದು ನೋಟ್‌ಬುಕ್ಕನ್ನು ಜೋಪಾನ ಮಾಡೆಂದು ನನಗೆ ಒಪ್ಪಿಸಿದ್ದಳು. ನಾನು ಮಾಡಲಿಲ್ಲ. ಕಳೆದುಹೋಯಿತು ಎಂದರೆ ಸುಳ್ಳಾಗುತ್ತದೆ. ನನ್ನ ಕೈಯಾರೆ ನೀರಿಗೆ ಬಿಟ್ಟೆ.

ನಮ್ಮದು ಸವದತ್ತಿಯಲ್ಲಿ ಪೂಜೆ, ಪಂಚಾಂಗದ ಮನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಜೊತೆ ಪೂಜೆಗೆ ನಿಂತೆ. ಮಂತ್ರಗಳೆಲ್ಲ ಬಾಯಿಪಾಠ. ಅರ್ಥ ಕೇಳಿದರೆ ಅಪ್ಪ, "ನಿನಗ ಸ್ವರ ತಪ್ಪದಿದ್ರ ಸಾಕು" ಎನ್ನುತ್ತಿದ್ದರು. ತಂಗಿ ಓದಿದಳು. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಕಲಿತವಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಾಗ ಪುಸ್ತಕವೆಲ್ಲ ಇಂಗ್ಲಿಷ್ ಆಯಿತು. ಮೊದಲ ತಿಂಗಳೇ ಪುಸ್ತಕ ಮುಚ್ಚಿಟ್ಟು ಅತ್ತಳು. ಇಂಗ್ಲಿಷ್ ಬಾರದ ಅಪ್ಪ ಅವಳನ್ನು ಎದುರಿಗೆ ಕೂಡಿಸಿಕೊಂಡರು.

"ಒಂದು ಶಬ್ದ ಹೇಳು, ಕೇಳೂಣು."

"ಹೈಡ್ರೋಜನ್."

"ಒಡದು ಹೇಳವಾ."

"ಹೈಡ್ರೊ ಅಂದ್ರ ನೀರಂತರೀ ಅಪ್ಪಾ. ಜೆನ್ ಅಂದ್ರ ಹುಟ್ಟಸೂದು. ಗ್ರೀಕ್ ಭಾಷಾದ್ದು, ಕಾಲೇಜಿನ ಡಿಕ್ಷನರಿಯೊಳಗ ನೋಡೀನಿ."

"ಉದಕ, ಜನಕ! ಕನ್ನಡ ಪುಸ್ತಕದಾಗ ಏನಂತ ಓದೀದಿ?"

"ಜಲಜನಕ."

"ಮತ್ತ ಹೊಸಾದೇನದ ಇದರಾಗ, ಅಳಲಿಕ್ಕೆ? ಆ ಗ್ರೀಕರು ನಮ್ಮ ಉಗರಗೋಳದ ಕಡೆಯವರೇನು ಕೇಳಿ ನೋಡು."

ಇಬ್ಬರೂ ನಕ್ಕರು. ನಾನು ದೇವರ ಮನೆಯಲ್ಲಿ ಗಂಧ ತೇಯುತ್ತಿದ್ದೆ.

ಆ ನೋಟ್‌ಬುಕ್ ಹುಟ್ಟಿದ್ದು ಹಾಗೆ. ಹಳೆಯ ಪಂಚಾಂಗದ ಹಾಳೆ ಹಚ್ಚಿದ ರಟ್ಟು. ಒಂದು ಸಾಲಿನಲ್ಲಿ ಇಂಗ್ಲಿಷ್ ಶಬ್ದ, ಪಕ್ಕದಲ್ಲಿ ಅದರ ಗ್ರೀಕ್ ಅಥವಾ ಲ್ಯಾಟಿನ್ ಬೇರು, ಅದರ ಪಕ್ಕದಲ್ಲಿ ಅಪ್ಪ ಕೆಂಪು ಶಾಯಿಯಲ್ಲಿ ಬರೆದ ಸಂಸ್ಕೃತ, ಕೊನೆಗೆ ಕನ್ನಡ. ಜೇಡ, ಏಡಿಗಳ ಗುಂಪಿಗೆ ಇಂಗ್ಲಿಷಿನಲ್ಲಿ ಆರ್ಥ್ರೊಪೋಡ್ ಎನ್ನುತ್ತಾರಂತೆ. ಪೋಡ್ ಎಂದರೆ ಕಾಲು, ನಮ್ಮ ಪಾದ. ಕನ್ನಡ ಪುಸ್ತಕದಲ್ಲಿ ಅದು ಸಂಧಿಪದಿ. ಹಲ್ಲಿನ ಡಾಕ್ಟರಿಗೆ ಹೇಳುವ ಡೆಂಟಿಸ್ಟ್ ಎಂಬ ಶಬ್ದದಲ್ಲಿ ನಮ್ಮ ದಂತ ಇದೆ. ಇಂಗ್ಲಿಷ್, ಗ್ರೀಕ್, ಲ್ಯಾಟಿನ್, ಸಂಸ್ಕೃತ ಎಲ್ಲ ಒಂದೇ ಬಳಗದ ಭಾಷೆಗಳು ಎಂದು ತಂಗಿ ಹೇಳುತ್ತಿದ್ದಳು. ಅವಳು ಬೈಲಹೊಂಗಲದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದ ಮೇಲೂ ರಜೆಗೆ ಬಂದಾಗಲೆಲ್ಲ ಹತ್ತಾರು ಶಬ್ದ ತರುತ್ತಿದ್ದಳು. ಅಪ್ಪ ಕಾದು ಕೂತಿರುತ್ತಿದ್ದರು. ನನಗಾಗಿ ಅವರು ಹಾಗೆ ಕಾದದ್ದು ನೆನಪಿಲ್ಲ.

ಅಪ್ಪ ಎದೆಯ ಬೇನೆಯಿಂದ ಹೋದರು. ಹದಿಮೂರನೆಯ ದಿನ ಊಟವಾದ ಮೇಲೆ ತಂಗಿ ಹೇಳಿದಳು: "ಅಣ್ಣಾ, ಆ ನೋಟ್‌ಬುಕ್ ಅಪ್ಪನ ಕಪಾಟಿನಾಗ ಅದ. ದೀಪಾವಳಿಗೆ ಒಯ್ತೀನಿ, ಜೋಪಾನ ಮಾಡು. ನನ್ನ ಸಾಲಿ ಹುಡುಗ್ಯಾರು ಪಿಯುಸಿಗೆ ಹೋಗಿ ನನ್ನಂಗ ಅಳತಾರ. ಅದನ್ನ ಸಣ್ಣ ಪುಸ್ತಕ ಮಾಡಿ ಅವರ ಕೈಯಾಗ ಕೊಡಬೇಕಂತೀನಿ."

ಹೂಂ ಎಂದೆ.

ನಮ್ಮಲ್ಲಿ ಜೀರ್ಣವಾದ ಪೋಥಿಗಳನ್ನು, ಅಂದರೆ ಪೂಜೆಯ ಹಳೆಯ ಗ್ರಂಥಗಳನ್ನು, ಸುಡುವುದಿಲ್ಲ, ರದ್ದಿಗೆ ಹಾಕುವುದಿಲ್ಲ. ಕೆಂಪು ಬಟ್ಟೆಯಲ್ಲಿ ಕಟ್ಟಿ ಹರಿಯುವ ನೀರಿಗೆ ಬಿಡುತ್ತೇವೆ. ಆಷಾಢ ಮುಗಿದ ಮೇಲೆ ಅಪ್ಪನ ಕಪಾಟು ತೆರವು ಮಾಡಿ, ಪುಡಿಯಾಗುತ್ತಿದ್ದ ಪೋಥಿಗಳನ್ನೆಲ್ಲ ಗಂಟು ಕಟ್ಟಿ ಮಲಪ್ರಭೆಯ ದಂಡೆಗೆ ಒಯ್ದೆ. ಮೇಲೆ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಹೊಳೆ ಜೋರಿತ್ತು. ಗಂಟು ಸಡಿಲಾಗಿ ಪಂಚಾಂಗದ ರಟ್ಟು ಕಂಡಿತು. ಅವಸರದಲ್ಲಿ ಪೋಥಿಗಳ ನಡುವೆ ಅದೂ ಸೇರಿತ್ತು. ಅಲ್ಲಿಯವರೆಗೆ ಅದು ಬರೀ ಕಣ್ತಪ್ಪು.

ಹೊರಗೆ ತೆಗೆದೆ. ತೆರೆದೆ. ಅಪ್ಪನ ಕೆಂಪು ಅಕ್ಷರ, ತಂಗಿಯ ನೀಲಿ ಅಕ್ಷರ, ಪುಟದ ನಂತರ ಪುಟ. ಎಲ್ಲಿಯೂ ನಾನಿರಲಿಲ್ಲ. ಸಿಟ್ಟು ಬಂದಿತ್ತೆಂದು ಹೇಳಲಾರೆ. ಏನೂ ಅನಿಸಲಿಲ್ಲ. ಮತ್ತೆ ಗಂಟಿನೊಳಗೆ ಇಟ್ಟು, ಬಿಗಿಯಾಗಿ ಕಟ್ಟಿ, ಮಂತ್ರ ಹೇಳಿ ಬಿಟ್ಟೆ. ಗಂಟು ಸ್ವಲ್ಪ ದೂರ ತೇಲಿ ಮುಳುಗಿತು. ಮನೆಗೆ ಬಂದು ಸ್ನಾನ ಮಾಡಿ ಉಂಡೆ.

ದೀಪಾವಳಿಗೆ ತಂಗಿ ಕೇಳಿದಾಗ, "ಗೆದ್ದಲ ತಿಂದಿತ್ತು" ಎಂದೆ.

"ಪೂರಾ?"

"ಪೂರಾ."

"ಅಪ್ಪನ ಅಕ್ಷರ ಒಂದೂ ಉಳೀಲಿಲ್ಲೇನು?" ಎಂದಳು. ಆಮೇಲೆ ಎದ್ದು ಹೋಗಿ ಕರದಂಟಿನ ಡಬ್ಬಿ ತೆರೆದು ನನಗೇ ಮೊದಲು ಕೊಟ್ಟಳು.

ಅವಳು ಮತ್ತೆ ಬರೆಯತೊಡಗಿದಳು. ಮರೆತ ಶಬ್ದಗಳಿಗಾಗಿ ನನಗೆ ಫೋನ್ ಮಾಡುತ್ತಿದ್ದಳು. "ಅಣ್ಣಾ, ನ್ಯಾಸ ಹೇಳು. ಅಂಗಗಳ ಹೆಸರು ಬೇಕಾಗ್ಯಾವ." ಪೂಜೆಗೆ ಮೊದಲು ಅಂಗಾಂಗ ಮುಟ್ಟಿಕೊಂಡು ಹೇಳುವ ಆ ಮಂತ್ರ ನನಗೆ ನಿದ್ದೆಯಲ್ಲೂ ಬರುತ್ತದೆ. ಹೃದಯಾಯ ನಮಃ ಎಂದೆ.

"ನಿಲ್ಲು. ಅಪ್ಪನ ಚೀಟಿಯೊಳಗ ಡಾಕ್ಟರು ಕಾರ್ಡಿಯಾಕ್ ಅಂತ ಬರದಿದ್ರಲ್ಲ? ಗ್ರೀಕರ ಕಾರ್ಡಿಯಾ, ನಮ್ಮ ಹೃದಯ, ಎರಡರದೂ ಬೇರು ಒಂದ. ದಿನಾ ಎದಿ ಮುಟ್ಟಿ ಹೇಳತಿದ್ದಿ, ಗೊತ್ತಿದ್ದಿಲ್ಲೇನು?"

"ನನಗ್ಯಾರು ಹೇಳಿದ್ರು?"

"ಈಗ ನಾ ಹೇಳೀನಲ್ಲ. ದಕ್ಷಿಣಿ ಕೊಡು" ಎಂದು ನಕ್ಕಳು.

ಹೀಗೆ ವಾರಕ್ಕೆರಡು ಸಲ. ಅಪ್ಪ ನನಗೆ ಕೊಡದೆ ಹೋದದ್ದನ್ನು ಅವಳು ಕೊಡುತ್ತಿದ್ದಳು. ನಾನು ತೆಗೆದುಕೊಳ್ಳುತ್ತಿದ್ದೆ. ಊಟ, ಪೂಜೆ, ನಿದ್ದೆ ಯಾವುದೂ ತಪ್ಪಲಿಲ್ಲ. ಎದೆ ಮುಟ್ಟಿಕೊಂಡಾಗ ಮಾತ್ರ ಕೈ ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ಹೋದ ತಿಂಗಳು ಬೈಲಹೊಂಗಲಕ್ಕೆ ಕರೆದಳು. ಪುಸ್ತಕ ಮರುದಿನ ಪ್ರೆಸ್ಸಿಗೆ ಹೋಗುವುದಿತ್ತು. ಚಹಾ ಕೊಟ್ಟು, ಮೊದಲ ಪುಟ ನನ್ನ ಮುಂದೆ ಇಟ್ಟಳು. "ಗಟ್ಟಿಯಾಗಿ ಓದು. ನಿನ್ನ ಬಾಯಿಂದ ಕೇಳಬೇಕು."

ಓದಿದೆ. "ಈ ಶಬ್ದಗಳನ್ನು ಕೊಟ್ಟವರು ನನ್ನ ಅಪ್ಪ. ಅವರ ಕೈಬರಹದ ಪುಸ್ತಕ ಗೆದ್ದಲು ಹಿಡಿದು ಹೋಯಿತು. ಅದನ್ನು ನೆನಪಿನಿಂದ ತಿರುಗಿ ಕಟ್ಟಿಕೊಟ್ಟವನು ನನ್ನ ಅಣ್ಣ."

ಮುಂದೆ ಇನ್ನೊಂದು ಸಾಲಿತ್ತು. ಓದಲಾಗಲಿಲ್ಲ. ಅವಳ ಹುಡುಗಿಯರೆಲ್ಲ ಇದನ್ನು ಓದುತ್ತಾರೆ.

"ಯಾಕ, ಕಣ್ಣ ಕಾಣವಲ್ವೇನು? ಚಸ್ಮಾ ತರಲೇನು?"

"ಬ್ಯಾಡ. ಈ ಸಾಲು ಹೊಡದು ಹಾಕು."

"ಯಾವದು?"

"ಗೆದ್ದಲದ್ದು. ಅಣ್ಣ ಅಂತ ಬರದದ್ದೂ."

ಅವಳು ಪೆನ್ನು ಎತ್ತಿಕೊಂಡವಳು ಹಾಗೆಯೇ ನನ್ನನ್ನು ನೋಡಿದಳು. ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟೆ.

"ಗೆದ್ದಲ ಹತ್ತಿದ್ದಿಲ್ಲ. ಪೋಥಿ ಗಂಟಿನಾಗ ಬಂದಿತ್ತು. ಹೊಳಿ ದಂಡಿಗೆ ನಿಂತು ತೆಗದು ನೋಡಿದೆ. ನಿಮ್ಮಿಬ್ಬರ ಅಕ್ಷರಾ ಅಂತ ಗೊತ್ತಾದ ಮ್ಯಾಲೇ ಬಿಟ್ಟೆ. ತಪ್ಪಾತು, ತಂಗಿ. ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೊ."