ಕಮಲಿಬಾಯಿಯ ಗಟ್ಟಿ ಕಾಲು

"ಮುಳ್ಳು ಚುಚ್ಚಲಿ, ಕಬ್ಬಿನ ಕೂಳೆ ಹೆಟ್ಟಲಿ, ನನಗೇನೂ ಆಗೂದಿಲ್ಲ. ಹಂತಾ ಗಟ್ಟಿ ಕಾಲು ಇವು!" ಕಮಲಿಬಾಯಿ ಎರಡೂ ಅಂಗಾಲು ಎತ್ತಿ ತೋರಿಸಿದರು.

"ಕಾಲಿಗಿಂತ ಬಾಯಿ ಗಟ್ಟಿ," ಎಂದರು ಅವರ ಗಂಡ ಸೋಮಲಪ್ಪ, ಕಬ್ಬು ಕಡಿಯುವ ಕೊಯ್ತಾ ಮಸೆಯುತ್ತ.

"ನೀ ಸುಮ್ನಿರು. ಚಪ್ಪಲಿ ಹಾಕ್ಕೊಂಡು ಕಬ್ಬು ಕಡಿಯಾವ ನೀ!"

ಗುಡಿಸಲುಗಳ ಮುಂದೆ ಕೂತವರೆಲ್ಲ ನಕ್ಕರು, ನಾನೂ ನಕ್ಕೆ. ಹಳಿಯಾಳದ ಆಚೆ ಕಬ್ಬಿನ ಗದ್ದೆಯ ಬದುವಿನಲ್ಲಿ ಮುಂಡಗೋಡದ ತಾಂಡಾದಿಂದ ಕಬ್ಬು ಕಡಿಯಲು ಬಂದ ಗ್ಯಾಂಗ್ ಇಳಿದುಕೊಂಡಿತ್ತು. ಶುಗರ್ ಪರೀಕ್ಷೆಗೆಂದು ಪೂರ್ಣಿಮಾ ಸಿಸ್ಟರ್ ಜೊತೆ ದಾಂಡೇಲಿಯ ನಮ್ಮ ಬಂಗೂರನಗರದ ಕಾಲೇಜಿನವರು ಬಂದಿದ್ದೆವು. ಪಾದದ ಸ್ಪರ್ಶ ನೋಡುವ ನೈಲಾನ್ ದಾರವನ್ನು ಸಿಸ್ಟರ್ ಮೊದಲ ಸಲ ನನ್ನ ಕೈಗೇ ಕೊಟ್ಟಿದ್ದರು. ಖುಷಿ ಎಂದರೆ ಖುಷಿ, ಬಸ್ಸಿನಲ್ಲೇ ಗೆಳತಿಯರ ಕಾಲಿಗೆಲ್ಲ ಚುಚ್ಚಿ ಬೈಸಿಕೊಂಡಿದ್ದೆ!

ಕಮಲಿಬಾಯಿ ಮಾತಿಗೆ ನಿಂತರೆ ನಿಲ್ಲುವವರಲ್ಲ. ಮದುವೆಯಾಗಿ ಬಂದ ವರ್ಷವೇ ಕಬ್ಬಿಗೆ ಬಂದರಂತೆ. ಗ್ಯಾಂಗಿನಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ ಎಂದು ಲೆಕ್ಕ. ಗಂಡ ಕಡಿಯಬೇಕು, ಹೆಂಡತಿ ಗರಿ ಸವರಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಲಾರಿಗೆ ಏರಿಸಬೇಕು. ಒಬ್ಬರು ಕೂತರೆ ಇನ್ನೊಬ್ಬರಿಗೂ ಕೆಲಸವಿಲ್ಲ. ಮಗಳು ಕಾಜಲ್ ಹುಟ್ಟಿದ ಮೇಲೂ ಬಿಡಲಿಲ್ಲ, ಗದ್ದೆಯಂಚಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೆಲಸ ಮಾಡಿದರು. ಆ ಕಾಜಲ್ ಈಗ ಮುಂಡಗೋಡದಲ್ಲಿ ಪಿಯುಸಿ ಎರಡನೇ ವರ್ಷ.

"ಕೊಯ್ತಾ ಮುಟ್ಟಿಸಿಲ್ಲ ಅಕಿಗೆ," ಎಂದರು. "ನಿನ್ನಂಗ ನರ್ಸ್ ಆಗ್ತಾಳ."

"ನಾ ನರ್ಸ್ ಅಲ್ಲ ಕಾಕೂ, ಬಿಎಸ್ಸಿ."

"ಏನರ ಆಗು, ಬ್ಯಾಗ್ ಹಾಕ್ಕೊಂಡಿ ಅಲ್ಲ!"

ಕೆಲವು ವರ್ಷ ಅಂಗಾಲು ಬೆಂಕಿಯಂತೆ ಉರಿಯುತ್ತಿತ್ತಂತೆ. ಆಮೇಲೆ ಉರಿ ತಾನಾಗಿ ನಿಂತಿತು. ಗ್ಯಾಂಗಿಗೆ ಹೊಸದಾಗಿ ಬರುವ ಸೊಸೆಯಂದಿರಿಗೂ ಅದನ್ನೇ ಹೇಳುತ್ತಿದ್ದರು: "ಉರಿ ಬಂದ್ರ ಅಂಜಬ್ಯಾಡ್ರಿ, ಕಾಲು ಗಟ್ಟಿ ಆಗಾಕ ಹತ್ತ್ಯಾವು."

ಶುಗರ್ ನೋಡಿದೆವು, ಮುನ್ನೂರು ದಾಟಿತ್ತು. ಸಿಸ್ಟರ್ ನನ್ನ ಕಡೆ ನೋಡಿ ತಲೆಯಾಡಿಸಿದರು.

"ಕಾಕೂ, ಕಣ್ಣು ಮುಚ್ರಿ. ದಾರ ಹತ್ತಿದ ಕೂಡಲೇ ಹೂಂ ಅನ್ರಿ."

ಅವರು ಕಣ್ಣು ಮುಚ್ಚಿ, ಆಟಕ್ಕೆ ಕೂತ ಹುಡುಗಿಯಂತೆ ತುಟಿಯಂಚಿನಲ್ಲಿ ನಗುತ್ತ ಕಾಯುತ್ತಿದ್ದರು. ನಾನು ಹೆಬ್ಬೆರಳಿಗೆ ಒತ್ತಿದೆ. ಪಾದದ ನಡುವೆ, ಹಿಮ್ಮಡಿಗೆ, ಇನ್ನೊಂದು ಕಾಲಿಗೆ. ಎಲ್ಲ ಕಡೆ ಮುಗಿಸಿ ದಾರ ಕೆಳಗಿಟ್ಟೆ.

"ಶುರು ಮಾಡವ್ವಾ," ಎಂದರು ಕಮಲಿಬಾಯಿ, ಕಣ್ಣು ಮುಚ್ಚಿಯೇ. "ಯಾಕ ತಡಾ?"

ಕೊಯ್ತಾ ಮಸೆಯುವ ಸದ್ದು ನಿಂತಿತು.

ಸಿಸ್ಟರ್ ಎಡಗಾಲಿನ ಬೆರಳುಗಳನ್ನು ಬಿಡಿಸಿದರು. ಸಂದಿನಲ್ಲಿ ಕೂಳೆಯ ಚೂರೊಂದು ಮುರಿದು ಕೂತಿತ್ತು, ಸುತ್ತಲೂ ಕಪ್ಪಾಗಿ ಕೀವು. ಎಂದು ಹೊಕ್ಕಿತೋ ಅವರಿಗೇ ಗೊತ್ತಿಲ್ಲ.

ಆಗಲೇ ಒಂದು ಜೀಪು ತರಿಸಿ ಹಳಿಯಾಳದ ದವಾಖಾನೆಗೆ ಕರೆದೊಯ್ದೆವು. ಡಾಕ್ಟರು ಗಾಯ ಸ್ವಚ್ಛ ಮಾಡಿ, ಇಂಜೆಕ್ಷನ್, ಗುಳಿಗೆ ಕೊಟ್ಟು ಹೇಳಿದ್ದು ಇಷ್ಟೇ: ಕಾಲು ನೆಲಕ್ಕೆ ಊರಕೂಡದು, ವಾರ ಬಿಟ್ಟು ಬುಧವಾರ ನೋಡಿ ಬೆರಳು ಉಳಿಯುತ್ತದೋ, ಪಾದವೇ ಹೋಗುತ್ತದೋ ಹೇಳುತ್ತೇನೆ. ಹೊರಗೆ ಬಂದು ಕೇಳಿದೆ, "ಸಿಸ್ಟರ್, ಆ ಸ್ಪರ್ಶ ತಿರುಗಿ ಬರ್ತೈತ್ರಿ?"

"ಗಾಯ ಮಾಯಬಹುದು. ಶುಗರ್‌ನಿಂದ ಸತ್ತ ನರ ತಿರುಗಿ ಬರೂದಿಲ್ಲ."

ಗುಡಿಸಲಿಗೆ ಮರಳಿದಾಗ ಗ್ಯಾಂಗ್ ನಡೆಸುವ ಮುಕಾದಮ ಕುಬೇರ ಕಾಯುತ್ತಿದ್ದ. ಕೆಟ್ಟ ಮನುಷ್ಯನಲ್ಲ. "ಒಂದ್ ವಾರ ಉಳಿದ ಹೆಣ್ಮಕ್ಕಳು ನಿನ್ನ ಹೊರಿ ಕಟ್ತಾರ, ವೈನಿ. ಅದರ ಮ್ಯಾಲ ಆಗೂದಿಲ್ಲ. ಜೋಡಿಗೆ ಕಾಜಲ್‌ನ ಕರೀಬೇಕಾಗ್ತೈತಿ."

"ಅಕಿನ್ನ ಕರೀಬ್ಯಾಡ," ಎಂದರು ಕಮಲಿಬಾಯಿ. "ನಾ ಬುಧವಾರ ಏಳ್ತೇನಿ."

ಸೋಮಲಪ್ಪ ತಮ್ಮ ಚಪ್ಪಲಿ ಕಳಚಿ ಹೆಂಡತಿಯ ಮಂಚದ ಕೆಳಗಿಟ್ಟರು. ದೊಡ್ಡ ಚಪ್ಪಲಿ, ಹಿಮ್ಮಡಿ ಸವೆದದ್ದು.

ಹೊರಡುವಾಗ ಕಮಲಿಬಾಯಿ ನನ್ನ ಬ್ಯಾಗಿನ ಪಟ್ಟಿ ಹಿಡಿದರು.

"ಬುಧವಾರ ಖರೇನ ಬರ್ತಿಯಲ್ಲ?"

"ಬರ್ತೇನಿ ಕಾಕೂ. ದಾಂಡೇಲಿಯಿಂದ ಮೊದಲನೇ ಬಸ್ಸಿಗೇ ಬರ್ತೇನಿ. ಸಿಸ್ಟರೂ ಬರ್ತಾರ."

"ಆ ದಾರ ಮರೀಬ್ಯಾಡ ಮತ್ತ. ಈ ಸಲ ಹೂಂ ಅಂತೇನಿ."